ಸಿಮಿಲಿ, ಮೆಟಫರ್ ನಡುವೆ ಮಕ್ಕಳಿಗೆ ಯಾಕೆ ಗೊಂದಲ?

ಎರಡೂ ಹೋಲಿಕೆಯೇ ಆಗಿರುವುದರಿಂದ. ವ್ಯತ್ಯಾಸ ಇಷ್ಟೇ: ಸಿಮಿಲಿ ‘ಇದು ಅದರ ಹಾಗಿದೆ’ ಅನ್ನುತ್ತದೆ, ಮೆಟಫರ್ ‘ಇದು ಅದೇ’ ಅಂದುಬಿಡುತ್ತದೆ. ಕನ್ನಡದ ಉಪಮೆ, ರೂಪಕಗಳೇ ಇವು. ‘ಮುಖ ಚಂದ್ರನಂತಿದೆ’ ಅಂದರೆ ಉಪಮೆ. ‘ಮುಖಚಂದ್ರ’ ಅಂದರೆ ರೂಪಕ. ಕನ್ನಡ ಪಾಠದಲ್ಲಿ ಇದನ್ನು ಓದಿದ ಮಗುವಿಗೆ ಹೊಸದಾಗಿ ಕಲಿಯಲು ಇರುವುದು ಹೆಸರು ಮಾತ್ರ.

ತರಗತಿಯಲ್ಲಿ ಸಾಮಾನ್ಯವಾಗಿ ‘ಲೈಕ್ ಅಥವಾ ಆ್ಯಸ್ ಇದ್ದರೆ ಸಿಮಿಲಿ’ ಎಂದು ಹೇಳಿಕೊಡುತ್ತಾರೆ. ಎಡವಟ್ಟಾಗುವುದು ಇಲ್ಲೇ. ‘ಐ ಲೈಕ್ ಮಿಲ್ಕ್’ ವಾಕ್ಯದಲ್ಲೂ ಲೈಕ್ ಇದೆ, ಆದರೆ ಅಲ್ಲಿ ಹೋಲಿಕೆಯೇ ಇಲ್ಲ. ‘ಶಿ ಲುಕ್ಸ್ ಲೈಕ್ ಹರ್ ಮದರ್’ ಹೋಲಿಕೆಯೇನೋ ಹೌದು, ಸಿಮಿಲಿ ಅಲ್ಲ. ಮಗಳು ತಾಯಿಯ ಹಾಗಿರುವುದು ನೇರ ಮಾತು, ಅಲ್ವಾ? ‘ಹಿ ಫೈಟ್ಸ್ ಲೈಕ್ ಎ ಲಯನ್’ ಮಾತ್ರ ಸಿಮಿಲಿ, ಯಾಕೆಂದರೆ ಮನುಷ್ಯ ಬೇರೆ ಜಾತಿ, ಸಿಂಹ ಬೇರೆ ಜಾತಿ. ‘ಹಿ ಈಸ್ ಎ ಲಯನ್’ ಅಂದರೆ ಅದೇ ಮೆಟಫರ್.

ಹಾಗಾಗಿ ಪದ ಹುಡುಕಿಸುವ ಮೊದಲು ಎರಡು ಪ್ರಶ್ನೆ ಕೇಳಿ: ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ? ಅವೆರಡೂ ನಿಜಕ್ಕೂ ಬೇರೆ ಬೇರೆ ಬಗೆಯವಾ? ವ್ಯಾಖ್ಯೆಯನ್ನು ಸುಮ್ನೆ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.