ಸರೋವರದ ದೋಣಿಯಲ್ಲಿ ಮಕ್ಕಳು ಅತ್ತರೆ

ಹಿಮಬೆಟ್ಟದ ಸರೋವರಕ್ಕೆ ಬಂದಿದ್ದೇವೆ, ದೋಣಿಯಲ್ಲಿ ಮಕ್ಕಳು ಸಿಡುಕಿ ಅತ್ತರು, ಬೇಜಾರಾಯಿತೇನೋ ಎಂದು ಕೇಳಿದ್ದೀರಿ. ಮಕ್ಕಳಿಗೆ ಬೇಜಾರಾಗಿದ್ದಲ್ಲ, ಗಾಳಿಗೆ ಚಳಿಯಾಗಿರಬೇಕು. ಐದು ಮತ್ತು ಒಂಬತ್ತು ವರ್ಷದವರನ್ನು ಮಧ್ಯಾಹ್ನ ದೋಣಿ ಹತ್ತಿಸಿದೆ ಅಂದಿರಿ ಅಲ್ವಾ? ಬಿಸಿಲೇರಿ ಬೆಟ್ಟದ ಇಳಿಜಾರು ಕಾದರೆ ಸರೋವರದ ಮೇಲೆ ಗಾಳಿ ಏಳುತ್ತದೆ. ಹಿಮ ಕರಗಿ ಬಂದ ನೀರಂತೂ ಬೇಸಿಗೆಯಲ್ಲೂ ಕೊರೆಯುತ್ತದೆ.

ನಾಳೆ ದೋಣಿಯನ್ನು ಬೆಳಿಗ್ಗೆಯೇ ಮುಗಿಸಿ. ಲೈಫ್ ಜಾಕೆಟ್ ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಗದ್ದ, ಕಿವಿ ಮುಚ್ಚುವಷ್ಟು ಮೇಲೆ ಬಂದರೆ ಅದು ದೊಡ್ಡದು. ಚಿಕ್ಕದನ್ನೇ ಕೇಳಿ, ಸಂಕೋಚ ಬೇಡ.

ಆಮೇಲೆ ದಡದ ಆಟ. ದೊಡ್ಡ ಮಗುವಿಗೆ ಚಪ್ಪಟೆ ಕಲ್ಲು ಆರಿಸಿಕೊಡಿ. ಬಗ್ಗಿ, ನೀರಿಗೆ ಅಡ್ಡಡ್ಡ ಬೀಸಿದರೆ ಅದು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ನನ್ನ ಮಗಳು ಇದರಲ್ಲೇ ಒಂದು ಗಂಟೆ ಮೈಮರೆತಿದ್ದಳು. ಚಿಕ್ಕದಕ್ಕೆ ಬಿಳಿ ಡಬ್ಬಿಯಲ್ಲಿ ನೀರು ತುಂಬಿಕೊಡಿ. ಅಂಚಿನ ಕಲ್ಲು ಮಗುಚಿದರೆ ಸಿಗುವ ಪುಟ್ಟ ಹುಳಗಳು ಬಿಳಿ ತಳದಲ್ಲಿ ಕಾಲಾಡಿಸುವುದು ಚೆನ್ನಾಗಿ ಕಾಣುತ್ತದೆ. ನೋಡಿ ವಾಪಸ್ ಬಿಡಿಸಿ. ನೀವು ಮಾತ್ರ ಕೈಗೆಟುಕುವಷ್ಟು ಹತ್ತಿರವೇ ಇರಿ.

ಜಾಗ 2,500 ಮೀಟರ್‌ಗಿಂತ ಎತ್ತರವಿದ್ದರೆ ಸಿಡುಕಿಗೆ ಅದೂ ಕಾರಣವಿರಬಹುದು. ತಲೆನೋವು, ವಾಂತಿ ಇದ್ದರೆ ಆಟ ನಿಲ್ಲಿಸಿ ಮಲಗಿಸಿ. ಜಾಸ್ತಿಯಾದರೆ ಕಾಯಬೇಡಿ, ಕೆಳಗಿಳಿಯಿರಿ.