ಬ್ಲೂ ಡ್ರೀಮ್ ಗಾಂಜಾ ಹೊಸಬರಿಗೆ ಹಗುರವೇ?

ಓದಲು ಕ್ಯಾಲಿಫೋರ್ನಿಯಾಗೆ ಬಂದಿದ್ದೀರಿ. ಬ್ಲೂ ಡ್ರೀಮ್ ಹಗುರ, ಹೊಸಬರಿಗೂ ಏನೂ ಆಗಲ್ಲ ಅಂತ ಗೆಳೆಯರು ಹೇಳುತ್ತಾರೆ, ನಿಜಾನಾ ಅಂತ ಕೇಳಿದ್ದೀರಿ.

ಇಲ್ಲ. ನಾನು ಇಲ್ಲಿ ಲೈಸೆನ್ಸ್ ಇರುವ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಈ ಹೆಸರು ಹಿಡಿದು ಬರುವವರು ತುಂಬಾ ಜನ, ಈ ತಪ್ಪು ಕಲ್ಪನೆಯೂ ಅಷ್ಟೇ ಸಾಮಾನ್ಯ.

ಬ್ಲೂ ಡ್ರೀಮ್ ಕ್ಯಾಲಿಫೋರ್ನಿಯಾದ ತಳಿಯೇ. ಬ್ಲೂಬೆರ್ರಿ ಮತ್ತು ಹೇಜ್ ಎಂಬ ಎರಡು ತಳಿಗಳನ್ನು ಕೂಡಿಸಿ ಮಾಡಿದ್ದು ಅಂತ ಹೇಳುತ್ತಾರೆ. ಡಬ್ಬಿ ತೆಗೆದರೆ ಮೊದಲು ಹಣ್ಣಿನ ಸಿಹಿ ವಾಸನೆ, ಅದರ ಹಿಂದೆಯೇ ಪೈನ್ ಮರದ ಘಾಟು. ಮಿರ್ಸೀನ್, ಪೈನೀನ್ ಎಂಬ ಸುವಾಸನೆಯ ಅಂಶಗಳಿಂದ ಬರುವ ವಾಸನೆ ಅದು. ಹೂವಿನ ಮೇಲೆ ಬಿಳಿ ಪುಡಿ ಉದುರಿಸಿದ ಹಾಗೆ ಕಾಣುವ ಅಂಟಂಟು ಕಣಗಳಿರುತ್ತವೆ. ಅಮಲು ತರುವ ಟಿಎಚ್‌ಸಿ ಇರುವುದು ಅಲ್ಲೇ.

ಸೇದಿದವರು ಸಾಮಾನ್ಯವಾಗಿ ಹೇಳುವುದು ಇಷ್ಟು: ಮನಸ್ಸು ಹಗುರ, ಮಾತು ಜಾಸ್ತಿ, ಮೈ ಸಡಿಲ, ಆದರೆ ನಿದ್ದೆ ಎಳೆಯಲ್ಲ. ಅದಕ್ಕೇ ಹಗಲಿಗೆ ಸರಿ ಅನ್ನುತ್ತಾರೆ. ಬಾಯಿ ಒಣಗುವುದು, ಕಣ್ಣು ಕೆಂಪಾಗುವುದು, ಎದೆ ಜೋರಾಗಿ ಬಡಿಯುವುದು ಕೂಡ ಇದರ ಜೊತೆಗೇ ಬರುತ್ತವೆ. ಪ್ರಮಾಣ ಮೀರಿದರೆ ವಿಪರೀತ ಗಾಬರಿ. ಮನೆಯಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇದ್ದರೆ ದಯವಿಟ್ಟು ಮುಟ್ಟಲೇಬೇಡಿ.

ಈಗ ಲೆಕ್ಕ ನೋಡಿ. ಬ್ಲೂ ಡ್ರೀಮ್‌ನಲ್ಲಿ ಟಿಎಚ್‌ಸಿ ಶೇ. 20ರ ಆಸುಪಾಸು ಇರುವುದು ಮಾಮೂಲು, ಅಮಲು ತರದ ಇನ್ನೊಂದು ಅಂಶವಾದ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಒಂದು ಗ್ರಾಂ ಹೂವಿನಲ್ಲಿ ಸುಮಾರು 200 ಮಿಲಿಗ್ರಾಂ ಟಿಎಚ್‌ಸಿ. ಸುಡುವಾಗ ಬಹಳಷ್ಟು ಹಾಳಾಗುತ್ತದೆ, ನಿಜ. ಆದರೂ ಈ ರಾಜ್ಯದಲ್ಲಿ ಗಾಂಜಾ ಬೆರೆಸಿದ ತಿನ್ನುವ ಪದಾರ್ಥಕ್ಕೆ ಒಂದು ಸಲಕ್ಕೆ ಇಟ್ಟಿರುವ ಟಿಎಚ್‌ಸಿ ಮಿತಿಯೇ 10 ಮಿಲಿಗ್ರಾಂ. ಇದನ್ನು ಹಗುರ ಅನ್ನೋದು ಹೇಗೆ?

ಹೆಸರನ್ನೂ ಪೂರ್ತಿ ನಂಬಬೇಡಿ. ಬಾದಾಮಿ ಮಾವು ಅಂತ ಕೊಂಡರೂ ತೋಟದಿಂದ ತೋಟಕ್ಕೆ ರುಚಿ ಬೇರೆ ಇರುತ್ತದಲ್ವಾ, ಇಲ್ಲೂ ಹಾಗೇ. ಒಂದೇ ಹೆಸರಿನ ಗಿಡಗಳು ಅಂಗಡಿಯಿಂದ ಅಂಗಡಿಗೆ ವಂಶದಲ್ಲೇ ಬೇರೆ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಸಟೈವಾ, ಇಂಡಿಕಾ ಎಂಬ ಎರಡು ಬಗೆಯ ಗಿಡ, ಅವೆರಡರ ಮಿಶ್ರಣವಾದ ಹೈಬ್ರಿಡ್ ಎಂಬ ಚೀಟಿಯಿಂದಲೂ ಪರಿಣಾಮ ಗೊತ್ತಾಗಲ್ಲ. ಇಂದು ಮಾರಾಟಕ್ಕಿರುವುದು ಹೆಚ್ಚುಕಡಿಮೆ ಎಲ್ಲವೂ ಹೈಬ್ರಿಡ್ಡೇ. ಲೇಬಲ್ಲಿನ ಮೇಲಿನ ಟಿಎಚ್‌ಸಿ ಅಂಕಿ ಮತ್ತು ಬ್ಯಾಚ್ ನಂಬರೇ ಕೆಲಸಕ್ಕೆ ಬರುವುದು.

ಸೇದಿದರೆ ಕೆಲವೇ ನಿಮಿಷಕ್ಕೆ ಏರುತ್ತದೆ, ಕೆಲವು ಗಂಟೆ ಇರುತ್ತದೆ. ತಿಂದರೆ ಏರಲು ಎರಡು ಗಂಟೆಯೂ ಆಗಬಹುದು. ಏನೂ ಆಗ್ಲಿಲ್ಲ ಅಂತ ಇನ್ನೊಂದು ತುಂಡು ತಿನ್ನುವವರೇ ಜಾಸ್ತಿ ಒದ್ದಾಡುವುದು. ಯಾವ ರೀತಿ ತೆಗೆದುಕೊಂಡರೂ ಆ ದಿನ ಗಾಡಿ ಓಡಿಸುವ ಮಾತೇ ಇಲ್ಲ.

ನಿಮಗೆ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಈ ರಾಜ್ಯದಲ್ಲಿ 2016ರ ಮತದಾನದ ನಂತರ 21 ವರ್ಷ ತುಂಬಿದವರಿಗೆ ಗಾಂಜಾ ಕಾನೂನುಬದ್ಧ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಹಾಗಿಲ್ಲ, ವೀಸಾ ನೋಡುವವರು ಆ ಕೇಂದ್ರದವರೇ. ಕೇಸು ಆಗದಿದ್ದರೂ, ಸೇದಿದ್ದೇನೆ ಅಂತ ಒಪ್ಪಿಕೊಂಡರೇ ವೀಸಾ, ಗ್ರೀನ್ ಕಾರ್ಡಿಗೆ ಕಂಟಕ ಬರಬಹುದು. ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಚೂರೂ ಇರಬಾರದು, ಭಾರತದಲ್ಲಿ ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ವಿದ್ಯಾರ್ಥಿ ವೀಸಾದಲ್ಲಿ ಇರುವ ತನಕ ಬೇಡ ಅನ್ನುವುದೇ ನನ್ನ ಉತ್ತರ. ಆಗಲೇ ಸೇದಿದ್ದರೆ, ಮುಂದಿನ ವೀಸಾ ಅರ್ಜಿ ತುಂಬುವ ಮೊದಲು ವಲಸೆ ವಕೀಲರೊಬ್ಬರ ಹತ್ತಿರ ಮಾತಾಡಿ.