ಬಾವಿ ನಮ್ಮದು, ಲೆಕ್ಕವೂ ನಮಗೆ ತಿಳಿಯಲಿ

ಪತ್ರ: ವಿಶ್ವವಿದ್ಯಾಲಯವೊಂದು ಕಂಪನಿಯೊಡನೆ ಸೇರಿ ನಮ್ಮ ಬಾವಿ, ಸುರಂಗಗಳ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಗಳ) ನೀರಿಗೆ ಸೆನ್ಸರ್ ಇಡುತ್ತದಂತೆ. ರಕ್ತದ ಮಾದರಿಯನ್ನೂ ಕೇಳುತ್ತಿದ್ದಾರೆ. ವಿಷದಿಂದ ನೊಂದ ಊರಿಗೆ ಮತ್ತೆ ಕಂಪನಿ ಏಕೆ? ಪತ್ರಿಕೆ ಇದನ್ನು ವಿರೋಧಿಸಬೇಕು.
– ಓದುಗರೊಬ್ಬರು, ಎಣ್ಮಕಜೆ (ಕೇರಳದ ಕಾಸರಗೋಡು ಜಿಲ್ಲೆ)

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಾಗ ಕೆಳಗಿದ್ದವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ಆದರೂ ಈ ಯೋಜನೆಯನ್ನು ಊರಿನಿಂದ ಓಡಿಸಿಬಿಡಿ ಎಂದು ನಾನು ಬರೆಯಲಾರೆ. ಪ್ರಯೋಗಾಲಯದ ಶೋಧ ಜನರ ಕೈಗೆ ಬರಲು ಕಂಪನಿಯೂ ಬೇಕಾಗುತ್ತದೆ.

ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡುವ ಮೀಟರನ್ನೇ ತೆಗೆದುಕೊಳ್ಳಿ. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ 1956ರಲ್ಲಿ ರಕ್ತದ ಆಮ್ಲಜನಕ ಅಳೆಯುವ ಎಲೆಕ್ಟ್ರೋಡನ್ನು ವಿವರಿಸಿದರು. ಹೊಳೆ, ಕೆರೆಗಳ ನೀರಿಗೂ ಅದೇ ತತ್ತ್ವ ಒದಗಿತು. 1962ರಲ್ಲಿ ಆ ಎಲೆಕ್ಟ್ರೋಡಿಗೆ ಕಿಣ್ವ (ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಸೇರಿಸಿ ಸಕ್ಕರೆ ಅಳೆಯುವ ದಾರಿ ತೋರಿಸಿದರು. ಅದು ಮಾರಾಟದ ಯಂತ್ರವಾದದ್ದು 1975ರಲ್ಲಿ, ಕಂಪನಿಯೊಂದರ ಕೈಯಲ್ಲಿ. ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧನೆ 1987ರಲ್ಲಿ ಪೆನ್ನಿನಷ್ಟು ಚಿಕ್ಕ ಮೀಟರಾಗಿ ಜನರಿಗೆ ಸಿಕ್ಕಿದ್ದೂ ಹಾಗೆಯೇ. ರಕ್ತದ ಹನಿ ಇಡುವ ಪಟ್ಟಿಗಳನ್ನು ಲಕ್ಷಗಟ್ಟಲೆ ಒಂದೇ ಗುಣದಲ್ಲಿ ತಯಾರಿಸುವುದು ಪ್ರಯೋಗಾಲಯದಿಂದ ಆಗುವ ಕೆಲಸವಲ್ಲ.

ಹಾಗೆಂದು ಕಣ್ಣುಮುಚ್ಚಿ ಒಪ್ಪುವುದೂ ಬೇಡ. ಅವರ ಸೆನ್ಸರ್ ಯಾವ ವಿಷವನ್ನು ಹಿಡಿಯುತ್ತದೆ ಎಂದು ಮೊದಲು ಕೇಳಿ. ಕೀಟನಾಶಕ ಹುಡುಕುವ ಅನೇಕ ಸೆನ್ಸರ್‌ಗಳು ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ನಂಬಿವೆ. ಆರ್ಗನೋಫಾಸ್ಫೇಟ್, ಕಾರ್ಬಮೇಟ್ ವಿಷಗಳು ಅದನ್ನು ತಡೆಯುತ್ತವೆ. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್ ಎಂಬ ಬೇರೆ ಗುಂಪಿನ ವಿಷ, ಅದು ನರಗಳನ್ನು ಕೆಡಿಸುವ ಬಗೆಯೇ ಬೇರೆ. ಅಂಥ ಸೆನ್ಸರ್ ‘ಏನೂ ಇಲ್ಲ’ ಎಂದರೆ ನಮಗೆ ಏನೂ ತಿಳಿದಂತಾಗಲಿಲ್ಲ. ಜೊತೆಗೆ, ಎಂಡೋಸಲ್ಫಾನ್ ನೀರಿನಲ್ಲಿ ಬಹಳ ಕಡಿಮೆ ಕರಗಿ ಮಣ್ಣಿಗೆ ಅಂಟುತ್ತದೆ, ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಟ್ಟು ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ತಳದ ಕೆಸರನ್ನೂ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ (ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಪ್ರಯೋಗಾಲಯದ ವಿಧಾನದಲ್ಲಿ) ಪರೀಕ್ಷಿಸಿ ಸೆನ್ಸರಿನ ಅಂಕಿಯೊಡನೆ ತಾಳೆ ನೋಡಲೇಬೇಕು.

ರಕ್ತದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಮಲಯಾಳ ಓದಲು ಬಾರದ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಓದಲಾಗದ ಕಾಗದಕ್ಕೆ ಅವರಿಂದ ಸಹಿ ಹಾಕಿಸುವುದು ಅನ್ಯಾಯ. ಮಾದರಿ ಎಷ್ಟು ಕಾಲ ಇಡುತ್ತಾರೆ, ಬೇರೆ ಕೆಲಸಕ್ಕೆ ಬಳಸುತ್ತಾರೆಯೇ, ಫಲಿತಾಂಶವನ್ನು ಕಂಪನಿ ತಡೆಹಿಡಿಯಬಹುದೇ, ಇವೆಲ್ಲ ಅದರಲ್ಲಿ ಬರೆದಿರಬೇಕು. ಎರಡು ಮಳೆಗಾಲ ಕಳೆದ ಮೇಲೆ ಯಂತ್ರವನ್ನು ಸರಿಪಡಿಸುವವರು ಯಾರು ಎಂಬುದೂ.

ಗ್ರಾಮಸಭೆಯಲ್ಲಿ ಒಪ್ಪಂದದ ಪ್ರತಿ ಕೇಳಿ. ಸಿಕ್ಕಿದರೆ ನಮಗೂ ಕಳುಹಿಸಿ, ಕನ್ನಡಕ್ಕೆ ತಂದು ಪ್ರಕಟಿಸುತ್ತೇವೆ. ಕೊಡದಿದ್ದರೆ ಅದನ್ನೂ ಬರೆದು ತಿಳಿಸಿ.